ಸ್ವಿಚ್ ಒಂದು, ಹೆಸರು ಎರಡು: ಮೇಷ್ಟ್ರನ್ನು ಕೇಳಿ

ಅಡ್ಮಿನ್: ಮಾನಿಟರಿಂಗ್ ಸಾಫ್ಟ್‌ವೇರಿನಲ್ಲಿ ಡಿವೈಸ್ ಹೆಸರು ತಪ್ಪಾಗಿ ಬರುತ್ತಿದ್ದರೆ ಇಲ್ಲೇ ಕೇಳಿ. ನೆಟ್‌ವರ್ಕ್ ಇಂಜಿನಿಯರ್ ಮೇಷ್ಟ್ರು ಒಂಬತ್ತರವರೆಗೆ ಇರುತ್ತಾರೆ.

ಧಾರವಾಡದವ: ನಮಸ್ಕಾರ ಸರ್. ಪ್ರಿಂಟರ್ ತೆಗೆದಾಯಿತು, ಅದರ ಐಪಿ ಈಗ ಒಂದು ಲ್ಯಾಪ್‌ಟಾಪಿಗೆ ಹೋಗಿದೆ. ಸಾಫ್ಟ್‌ವೇರ್ ಮಾತ್ರ ಇನ್ನೂ ಪ್ರಿಂಟರ್ ಅಂತಲೇ ತೋರಿಸುತ್ತಿದೆ.

ಮೇಷ್ಟ್ರು: ಆ ಐಪಿಗೆ ಎನ್‌ಎಸ್‌ಲುಕಪ್ ಕಮಾಂಡ್ ಹೊಡೆಯಿರಿ. ಪ್ರಿಂಟರ್ ಹೆಸರೇ ಬಂದರೆ ಡಿಎನ್‌ಎಸ್‌ನಲ್ಲಿ, ಅಂದರೆ ಹೆಸರು-ಐಪಿ ಪಟ್ಟಿಯಲ್ಲಿ, ಹಳೇ ಪಿಟಿಆರ್ ರೆಕಾರ್ಡ್ ಉಳಿದಿದೆ. ಅಳಿಸಿ. ವಿಂಡೋಸ್ ಸರ್ವರ್ ಆದರೆ ಹಳೇ ರೆಕಾರ್ಡ್ ಗುಡಿಸುವ ಸ್ಕ್ಯಾವೆಂಜಿಂಗ್ ಆನ್ ಮಾಡಿ, ಅದು ತಾನಾಗಿ ಆನ್ ಇರುವುದಿಲ್ಲ.

ಕಾಲೇಜ್ ಲ್ಯಾಬ್: ಸರ್, 10.10.4.12 ನಮ್ಮ ಲೈಬ್ರರಿಯ ನೆಟ್‌ವರ್ಕ್ ಸ್ವಿಚ್. ಒಮ್ಮೆ ಲೈಬ್ರರಿ ಅಂತ ಬರುತ್ತದೆ, ಸ್ವಲ್ಪ ಹೊತ್ತಿಗೆ ಹಾಸ್ಟೆಲ್ ಅಂತ. ಎರಡು ಸಲ ತೆಗೆದು ಸೇರಿಸಿದೆ. ಯಾರೂ ಹೆಸರು ಬದಲಿಸಿಲ್ಲ.

ಮೇಷ್ಟ್ರು: ಮೊದಲು, ಆ ಐಪಿಗೆ ಲಾಗಿನ್ ಆಗಿ ಏನನ್ನೂ ಮುಟ್ಟಬೇಡಿ. ಡಿವೈಸನ್ನೇ ವಿಚಾರಿಸುವ ಎಸ್‌ಎನ್‌ಎಂಪಿಯಲ್ಲಿ 1.3.6.1.2.1.1.5.0 ಕೇಳಿ ನೋಡಿ. ಅದು ಸಿಸ್‌ನೇಮ್, ಸ್ವಿಚ್ ತನ್ನ ಬಾಯಲ್ಲೇ ಹೇಳುವ ಹೆಸರು. ಅದೇ ಬದಲಾಗುತ್ತಿದ್ದರೆ ಉತ್ತರ ಕೊಡುತ್ತಿರುವುದು ಎರಡು ಸ್ವಿಚ್, ಐಪಿ ಒಂದೇ. ಗೇಟ್‌ವೇನಲ್ಲಿ ಆ ಐಪಿಯ ಎಆರ್‌ಪಿ (ಯಾವ ಐಪಿಗೆ ಯಾವ ಮ್ಯಾಕ್ ಎಂಬ ನೆನಪು) ಕ್ಲಿಯರ್ ಮಾಡಿ, ಪಿಂಗ್ ಮಾಡಿ, ಬಂದ ಮ್ಯಾಕ್, ಅಂದರೆ ಹಾರ್ಡ್‌ವೇರ್ ವಿಳಾಸ, ಬರೆದುಕೊಳ್ಳಿ. ಹೀಗೆ ಐದಾರು ಸಲ. ಎರಡು ಮ್ಯಾಕ್ ಸಿಕ್ಕರೆ ಯಾವುದು ಯಾವ ಪೋರ್ಟಿನ ಹಿಂದಿದೆ ಅಂತ ಕೋರ್ ಸ್ವಿಚ್ಚಿನ ಮ್ಯಾಕ್ ಟೇಬಲ್ ಹೇಳುತ್ತದೆ. ಇತ್ತೀಚೆಗೆ ಬೀರುವಿನಿಂದ ಹಳೇ ಸ್ವಿಚ್ ಏನಾದ್ರೂ ತೆಗೆದು ಹಾಕಿದ್ರಾ?

ಕಾಲೇಜ್ ಲ್ಯಾಬ್: ಹೌದು ಸರ್! ಹೋದ ವಾರ ಸಿಡಿಲಿಗೆ ಲ್ಯಾಬ್ ಸ್ವಿಚ್ ಸುಟ್ಟುಹೋಯಿತು. ಬೀರುವಿನಲ್ಲಿದ್ದದ್ದನ್ನು ಹಾಗೇ ಸಿಕ್ಕಿಸಿದೆ. ಮೊದಲು ಹಾಸ್ಟೆಲಿನಲ್ಲಿತ್ತು.

ಮೇಷ್ಟ್ರು: ಅದರೊಳಗೆ ಹಾಸ್ಟೆಲಿನ ಕಾನ್ಫಿಗ್ ಹಾಗೇ ಇದೆ. ಆ ಐಪಿಯನ್ನು ಆಮೇಲೆ ಲೈಬ್ರರಿಗೆ ಕೊಟ್ಟಿದ್ದೀರಿ. ಹಳೇ ಸ್ವಿಚ್ಚಿನ ನೆಟ್‌ವರ್ಕ್ ಕೇಬಲ್ ಕಿತ್ತು, ಕನ್ಸೋಲ್ ಕೇಬಲ್ ಹಾಕಿ ನೇರವಾಗಿ ಐಪಿ ಬದಲಿಸಿ. ರಿಮೋಟಿನಲ್ಲಿ ಮಾಡಿದರೆ ಯಾವ ಸ್ವಿಚ್ಚಿಗೆ ಬೀಳುತ್ತದೋ ದೇವರೇ ಬಲ್ಲ. ಸಾಫ್ಟ್‌ವೇರ್ ಸುಳ್ಳು ಹೇಳಿಲ್ಲ ಪಾಪ.

ಹಾಸನ: ವಾಟ್ಸಾಪಿನಲ್ಲಿ ಬಂದದ್ದು 🙏 ಫ್ಲಶ್‌ಡಿಎನ್‌ಎಸ್ ಹೊಡೆದು ಸರ್ವರ್ ರೀಸ್ಟಾರ್ಟ್ ಮಾಡಿ. ಆಗದಿದ್ದರೆ ಡೇಟಾಬೇಸ್ ಅಳಿಸಿ ಹೊಸದಾಗಿ ಡಿಸ್ಕವರಿ ಓಡಿಸಿ. 100% ಗ್ಯಾರಂಟಿ.

ಮೇಷ್ಟ್ರು: ಯಾರೂ ಮಾಡಬೇಡಿ. ಫ್ಲಶ್ ಹೊಡೆದರೆ ಖಾಲಿಯಾಗುವುದು ಆ ಒಂದು ಮೆಷಿನ್ನಿನ ಕ್ಯಾಶ್ (ತಾತ್ಕಾಲಿಕ ನೆನಪು) ಮಾತ್ರ. ತಪ್ಪು ರೆಕಾರ್ಡ್ ಡಿಎನ್‌ಎಸ್ ಸರ್ವರಿನಲ್ಲಿ ಆರಾಮಾಗಿ ಕೂತಿರುತ್ತದೆ. ಡೇಟಾಬೇಸ್ ಅಳಿಸಿದರೆ ವರ್ಷದ ಗ್ರಾಫೆಲ್ಲ ಹೋಗಿ, ಅದೇ ತಪ್ಪು ಹೆಸರು ಮತ್ತೆ ಬರುತ್ತದೆ. ಗ್ಯಾರಂಟಿ ಅದಕ್ಕೆ.

ಮೈಸೂರು ಹುಡುಗ: ಸರ್, ನಮ್ಮಲ್ಲೂ ಹಳೇ ಪ್ರಿಂಟರ್ ಹೆಸರು ಬರ್ತಿದೆ.

ಮೇಷ್ಟ್ರು: ಪಿಟಿಆರ್. ಮೇಲೆ ಹೇಳಿದೆ.

ತುಮಕೂರು: ಸ್ಟಾಫ್ ಫೋನುಗಳು ಹೆಸರೇ ಇಲ್ಲದೆ ಬರುತ್ತವಲ್ಲ?

ಮೇಷ್ಟ್ರು: ಮ್ಯಾಕ್‌ನ ಎರಡನೇ ಅಕ್ಷರ 2, 6, ಎ ಅಥವಾ ಇ ಇದೆಯಾ? ಹಾಗಿದ್ದರೆ ಅದು ಬಹುಪಾಲು ಫೋನೇ ಹುಟ್ಟಿಸಿಕೊಂಡ ಮ್ಯಾಕ್. ಅದನ್ನು ನಂಬಿ ಹೆಸರು ಕಟ್ಟಬೇಡಿ.

ಬೆಂಗಳೂರು ಐಟಿ: ನಾವು ಸ್ವಿಚ್‌ಗಳಿಗೆ ಕಾವೇರಿ, ತುಂಗಾ ಅಂತ ಇಟ್ಟಿದ್ದೇವೆ. ಗೊಂದಲವೇ ಇಲ್ಲ.

ಕುಡ್ಲದವ: ರಾತ್ರಿ ಎರಡಕ್ಕೆ "ತುಂಗಾ ಡೌನ್" ಅಂತ ಬಂದ್ರೆ ಯಾವ ಮಹಡಿಗೆ ಓಡೋದು ಮಾರಾಯ್ರೇ?

ಬೆಂಗಳೂರು ಐಟಿ: ಮಹಡಿ ಹೆಸರಿಟ್ಟು ಜಾಗ ಬದಲಿಸಿದ್ರೆ ಏನಾಗುತ್ತೆ ಅಂತ ಕಾಲೇಜಿನವರನ್ನ ಕೇಳಿ.

ಕುಡ್ಲದವ: ನಿಮ್ಮಲ್ಲಿರೋದು ನಾಲ್ಕು ಸ್ವಿಚ್. ನದಿ ಸಾಲುತ್ತೆ ಬಿಡಿ.

ಬೆಂಗಳೂರು ಐಟಿ: ಮರ್ಯಾದೆ ಕೊಟ್ಟು ಮಾತಾಡಿ.

ಮೇಷ್ಟ್ರು: ಏನಾದರೂ ಇಡಿ, ಅಂಡರ್‌ಸ್ಕೋರ್ ಬೇಡ. ಜಗಳ ಬೇರೆ ಕಡೆ.

ಧಾರವಾಡದವ: ಸರ್, ಅಳಿಸಿದೆ. ಈಗ ಬರೀ ಐಪಿ ತೋರಿಸುತ್ತಿದೆ, ಹೆಸರೇ ಇಲ್ಲ?

ಮೈಸೂರು ಹುಡುಗ: ಪಿಟಿಆರ್ ಅಂದ್ರೆ ಪ್ರಿಂಟರಾ ಸರ್?

ಮೇಷ್ಟ್ರು: ಅಲ್ಲ. ಐಪಿಯಿಂದ ಹೆಸರು ಹುಡುಕುವ ರೆಕಾರ್ಡ್. ಒಂಬತ್ತಾಯಿತು.

ಧಾರವಾಡದವ: ಸರ್?