ಚೆರ್ರಿ ಮೆತ್ತಗೆ, ಮಳೆ ಬಿದ್ದರೆ ಸೀಳು: ಬುಡಕ್ಕೆ ಸುಣ್ಣ ಹಾಕಲಾ?

ಯಾಕಿಮಾದಿಂದ ಪ್ರಶ್ನೆ (ಅಮೆರಿಕದ ವಾಷಿಂಗ್ಟನ್ ರಾಜ್ಯದ ಊರು; ಉತ್ತರಿಸಿದವರೂ ಅದೇ ರಾಜ್ಯದವರು):
ಮನೆ ಹಿಂದೆ ಚೆರ್ರಿ ಮರ ಇವೆ, ನಾಲ್ಕು ಬಿಂಗ್ ತಳಿ, ಒಂದು ರೇನಿಯರ್ ತಳಿ. ನೋಡೋಕೆ ಹಚ್ಚಹಸಿರು. ಹಣ್ಣು ಮಾತ್ರ ಮೆತ್ತಗೆ, ಸಪ್ಪೆ. ಜೂನ್‌ನಲ್ಲಿ ಒಂದು ಮಳೆ ಬಂದರೆ ಅರ್ಧ ಸೀಳುತ್ತದೆ. ಕ್ಯಾಲ್ಸಿಯಂ ಕಡಿಮೆ ಅಂತ ಯಾರೋ ಹೇಳಿದರು. ಸುಣ್ಣ ಹಾಕಲಾ? ಬೆಳೆದವರು ಹೇಳಿ.

ಪ್ರೊಸರ್‌ನಿಂದ:
ಬೇಡ ಸರ್. ನಮ್ಮ ಕಡೆಯ ಎಷ್ಟೋ ಮಣ್ಣಿನಲ್ಲಿ ಸುಣ್ಣದಂಶ ಮೊದಲೇ ಇದೆ. ತೊಂದರೆ ಮಣ್ಣಲ್ಲಲ್ಲ, ದಾರಿಯಲ್ಲಿ. ಬೇರು ಎಳೆದ ನೀರಿನ ಜೊತೆಗೇ ಕ್ಯಾಲ್ಸಿಯಂ ಹೋಗುತ್ತದೆ. ಎಲೆ ಜಾಸ್ತಿ ನೀರು ಆವಿ ಮಾಡುತ್ತದೆ, ಹಾಗಾಗಿ ಬಹುಪಾಲು ಅದಕ್ಕೇ. ಒಮ್ಮೆ ಎಲೆ ಸೇರಿದ್ದು ಹಣ್ಣಿಗೆ ವಾಪಸ್ ಬರುವುದೂ ಇಲ್ಲ. ಕಾಯಿ ಇನ್ನೂ ಚಿಕ್ಕದಿದ್ದಾಗ ಸಿಕ್ಕಿದ್ದೇ ಅದರ ಪಾಲು.

ಒಂದು ಮಾತು ಕೇಳಲಾ? ಲಾನ್‌ಗೆ ಹಾಕುವ ಗೊಬ್ಬರ ಮರದ ಬುಡಕ್ಕೂ ಬೀಳುತ್ತಾ? ನಾನು ಹಾಗೇ ಮಾಡುತ್ತಿದ್ದೆ. ಒಂದೇ ವರ್ಷದಲ್ಲಿ ಚಿಗುರು ನನ್ನ ತೋಳಿಗಿಂತ ಉದ್ದ. ಒಳಗೆಲ್ಲ ನೆರಳು, ಹಣ್ಣಿಗೆ ಬಣ್ಣ ತಡ. ಹೆಬ್ಬೆರಳಲ್ಲಿ ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು. ಸಾರಜನಕ ಜಾಸ್ತಿಯಾದರೆ ಚಿಗುರೇ ಎಲ್ಲ ತಿನ್ನುತ್ತದೆ. ಎರಡು ವರ್ಷ ನಿಲ್ಲಿಸಿದೆ, ಈಗ ಕಚ್ಚಿದರೆ ಕರುಕ್ ಅನ್ನುತ್ತದೆ.

ವೆನಾಚಿಯಿಂದ:
ನಾನು ಕಾಯಿ ಹಸಿರಿದ್ದಾಗಿನಿಂದ ಕ್ಯಾಲ್ಸಿಯಂ ಕ್ಲೋರೈಡ್ ಸಿಂಪಡಿಸುತ್ತೇನೆ. ಮೊದಲ ಸಲ ಸುಡುಬಿಸಿಲಲ್ಲಿ ಹೊಡೆದು ಎಲೆಯಂಚೆಲ್ಲ ಕರಟಿತು. ಈಗ ತಂಪು ಹೊತ್ತಲ್ಲಿ, ಡಬ್ಬದ ಮೇಲಿನ ಅಳತೆಯಷ್ಟೇ. ಹಣ್ಣು ಸ್ವಲ್ಪ ಗಟ್ಟಿಯಾಗಿದೆ, ಸೀಳು ಕಡಿಮೆಯಾಗಿದೆ, ನಿಂತಿಲ್ಲ. ದೊಡ್ಡ ತೋಟದವರೇ ಮಳೆ ನಿಂತ ಮೇಲೆ ಹೆಲಿಕಾಪ್ಟರ್ ಹಾರಿಸಿ ಹಣ್ಣಿನ ಮೇಲೆ ನಿಂತ ನೀರು ಉದುರಿಸುತ್ತಾರೆ, ಇನ್ನು ನಮ್ಮದೇನು!

ರಿಚ್‌ಲ್ಯಾಂಡ್‌ನಿಂದ:
ಸಪ್ಪೆ ಅಂದಿರಲ್ಲ, ಅದಕ್ಕೆ ಪೊಟ್ಯಾಷ್ ಅಂತ ನಾನು ಒಲೆಯ ಬೂದಿ ಸುರಿದೆ. ಊರಲ್ಲಿ ತೆಂಗಿಗೆ ಹಾಕುತ್ತಿದ್ದೆವಲ್ಲ, ಅದೇ ಅಭ್ಯಾಸ. ಇಲ್ಲಿ ಅದು ತಪ್ಪು. ಪೊಟ್ಯಾಷ್ ಸಕ್ಕರೆಗೂ ಗಾತ್ರಕ್ಕೂ ಬೇಕು ನಿಜ, ಆದರೆ ಅತಿಯಾದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ತಡೆಯುತ್ತದೆ. ಬೂದಿಯಿಂದ ಮಣ್ಣಿನ ಕ್ಷಾರ ಇನ್ನೂ ಏರಿ ಸತು ಬೇರಿಗೆ ಸಿಗದಾಯಿತು. ಚಿಗುರ ತುದಿಯಲ್ಲಿ ಪುಟ್ಟ ಪುಟ್ಟ ಎಲೆ ಗೊಂಚಲು. ಸುಮ್ನೆ ಊಹೆ ಮಾಡಬೇಡಿ, ಜುಲೈ ಕೊನೆ ಅಥವಾ ಆಗಸ್ಟ್‌ನಲ್ಲಿ ಈ ವರ್ಷದ ಚಿಗುರಿನ ನಡುವಿನ ಎಲೆ ಕಿತ್ತು ಲ್ಯಾಬಿಗೆ ಕಳಿಸಿ. ಬೋರಾನ್ ಅಂತೂ ಪರೀಕ್ಷೆ ಇಲ್ಲದೆ ಮುಟ್ಟಲೇಬೇಡಿ. ಹೂವು ಕಾಯಿಕಟ್ಟಲು ಬೇಕು, ಚೂರು ಹೆಚ್ಚಾದರೂ ವಿಷ.

ಪ್ರೊಸರ್‌ನಿಂದ ಮತ್ತೆ:
ಹಾಂ, ಕಾಯಿ ಕಿಕ್ಕಿರಿದಿದ್ದರೂ ಸಪ್ಪೆಯೇ. ಚಳಿಗಾಲದಲ್ಲಿ ಕೊಂಬೆ ಸವರಿ.

ಯಾಕಿಮಾದಿಂದ:
ಲಾನ್ ಗೊಬ್ಬರ ಹೌದು ಸರ್, ವರ್ಷಕ್ಕೆ ಮೂರು ಸಲ! ಈಗ ಹೋಗಿ ನೋಡಿಬಂದೆ. ಸ್ಪ್ರಿಂಕ್ಲರ್ ನೀರು ಕೆಳಗಿನ ಕೊಂಬೆಗೆ ನೇರ ಬೀಳುತ್ತಿದೆ. ತೊಟ್ಟಿನ ಕುಳಿಯಲ್ಲಿ ಹನಿ ನಿಂತಿದೆ, ಸೀಳಿರುವುದೂ ಅಲ್ಲೇ ಸುತ್ತ. ಮೊದಲು ಅದನ್ನು ತಿರುಗಿಸುತ್ತೇನೆ.