ಹೋಮ್ ಥಿಯೇಟರಿಗೆ ಪ್ರತ್ಯೇಕ ಪವರ್ ಆಂಪ್ಲಿಫೈಯರ್: ಜೋಡಿಸಿದವರು ಅನುಭವ ತಿಳಿಸಿ

ತೀರ್ಥಹಳ್ಳಿ ಸಮೀಪದ ನಮ್ಮ ಮನೆಯ ಮಹಡಿಗೆ ಜಿಂಕ್ ಶೀಟು ಹೊದಿಸಿದೆ. ಮಳೆಗಾಲದಲ್ಲಿ ಸಿನಿಮಾ ನೋಡಲು ಕುಳಿತರೆ ಸಂಭಾಷಣೆ ಕಿವಿಗೆ ಬೀಳುವುದಿಲ್ಲ. ವಾಲ್ಯೂಮ್ ಏರಿಸಿದರೆ ಹೊಡೆದಾಟದ ದೃಶ್ಯಗಳಲ್ಲಿ ಧ್ವನಿ ಒಡೆಯುತ್ತದೆ. ಇರುವುದು 5.1 ರಿಸೀವರ್, ಅಂದರೆ ಐದು ಸ್ಪೀಕರು ಮತ್ತು ಒಂದು ಸಬ್‌ವೂಫರಿಗೆ (ತಗ್ಗಿನ ಸದ್ದಿನ ಸ್ಪೀಕರಿಗೆ) ಧ್ವನಿ ಹಂಚುವ ಪೆಟ್ಟಿಗೆ. ಮುಂದಿನ ಎಡ-ಬಲ ಸ್ಪೀಕರುಗಳಿಗಾಗಿ ಎರಡು ಚಾನೆಲ್ಲಿನ ಪವರ್ ಆಂಪ್ಲಿಫೈಯರ್ ಕೊಳ್ಳಬೇಕೆಂದಿದ್ದೇನೆ. ಈಗಾಗಲೇ ಜೋಡಿಸಿಕೊಂಡವರು ದಯವಿಟ್ಟು ತಿಳಿಸಿ.

ಸಾಗರದಿಂದ

ಮಾನ್ಯರೇ, ಇದೇ ಕೆಲಸವನ್ನು ನಾನು ನಾಲ್ಕು ವರ್ಷಗಳ ಹಿಂದೆ ಮಾಡಿದ್ದೇನೆ. ಮಾಡಿದ ಮೇಲೆ ತಿಳಿದದ್ದನ್ನು ನೀವು ಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ. ಸಿನಿಮಾದ ಸಂಭಾಷಣೆ ಬಹುಪಾಲು ಬರುವುದು ಟಿವಿಯ ಕೆಳಗಿರುವ ಸೆಂಟರ್ ಸ್ಪೀಕರಿನಿಂದ. ಎಡ-ಬಲಕ್ಕೆ ಎಷ್ಟೇ ದೊಡ್ಡ ಆಂಪ್ಲಿಫೈಯರ್ ತಂದರೂ ಮಾತು ನೇರವಾಗಿ ಜೋರಾಗುವುದಿಲ್ಲ. ಆ ಎರಡು ಸ್ಪೀಕರುಗಳ ಭಾರ ರಿಸೀವರಿನ ಮೇಲಿಂದ ಇಳಿಯುವುದರಿಂದ, ಎಲ್ಲ ಚಾನೆಲ್ಲುಗಳೂ ಹಂಚಿಕೊಳ್ಳುವ ಒಂದೇ ಪವರ್ ಸಪ್ಲೈಯಲ್ಲಿ ಸೆಂಟರಿನ ಪಾಲಿಗೆ ಇನ್ನಷ್ಟು ಉಳಿಯುತ್ತದೆ, ಅಷ್ಟೇ. ಆದ್ದರಿಂದ ಖರ್ಚಿಲ್ಲದ ಕೆಲಸವನ್ನು ಮೊದಲು ಮಾಡಿ: ಸೆಟ್ಟಿಂಗ್‌ನಲ್ಲಿ ಸೆಂಟರಿನ ಮಟ್ಟವನ್ನು 3 ಡೆಸಿಬೆಲ್ (ಸದ್ದಿನ ಅಳತೆ) ಏರಿಸಿ, ಎಲ್ಲ ಸ್ಪೀಕರುಗಳನ್ನೂ 'ಸ್ಮಾಲ್' ಎಂದು ಆರಿಸಿ, 80 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ಸಬ್‌ವೂಫರಿಗೆ ಬಿಡಿ. ರಿಸೀವರಿಗೆ ಏದುಸಿರು ಬರಿಸುವುದು ಆ ಕೆಳಗಿನ ಸದ್ದೇ.

ವ್ಯಾಟ್ ಲೆಕ್ಕವೂ ಮೋಸದ್ದು. 86 ಡೆಸಿಬೆಲ್ ಸೆನ್ಸಿಟಿವಿಟಿಯ (1 ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಕೊಡುವ) ಸ್ಪೀಕರಿಗೆ 1 ವ್ಯಾಟ್ ಕೊಟ್ಟು ನಾಲ್ಕು ಮೀಟರ್ ದೂರ ಕುಳಿತರೆ, ಗೋಡೆಗಳ ಪ್ರತಿಧ್ವನಿಯನ್ನು ಬಿಟ್ಟು ಲೆಕ್ಕ ಹಾಕಿದಾಗ, ನಿಮ್ಮನ್ನು ತಲುಪುವುದು ಸುಮಾರು 74 ಡೆಸಿಬೆಲ್. 100 ವ್ಯಾಟ್ ಕೊಟ್ಟರೆ 94. 200 ವ್ಯಾಟ್ ಕೊಟ್ಟರೆ 97. ಶಕ್ತಿ ಇಮ್ಮಡಿಯಾದರೂ ಹೆಚ್ಚುವುದು ಮೂರೇ ಡೆಸಿಬೆಲ್. ಜಿಂಕ್ ಶೀಟಿನ ಮೇಲೆ ಬೀಳುವ ಆಷಾಢದ ಮಳೆಯೊಡನೆ ಆಂಪ್ಲಿಫೈಯರ್ ಪೈಪೋಟಿಗಿಳಿದರೆ ಗೆಲ್ಲುವುದು ಮಳೆಯೇ. ಶೀಟಿನ ಕೆಳಗೊಂದು ಸೀಲಿಂಗ್ ಹೊಡೆಸುವುದು ಅದಕ್ಕಿಂತ ಹೆಚ್ಚು ಫಲ ಕೊಟ್ಟೀತು.

ಹಾಗೆಂದು ನನಗೆ ಪಶ್ಚಾತ್ತಾಪವಿಲ್ಲ. ನನ್ನ ಸ್ಪೀಕರುಗಳು 4 ಓಮ್‌ನವು, ಅಂದರೆ ರಿಸೀವರಿನಿಂದ ಹೆಚ್ಚು ಕರೆಂಟ್ ಎಳೆಯುವಂಥವು. ಅರ್ಧ ಸಿನಿಮಾ ಮುಗಿಯುವಷ್ಟರಲ್ಲಿ ರಿಸೀವರಿನ ಮೇಲ್ಭಾಗ ಕೈಯಿಡಲಾರದಷ್ಟು ಕಾಯುತ್ತಿತ್ತು, ಎರಡು ಬಾರಿ ತಾನಾಗಿಯೇ ಆಫ್ ಆಗಿತ್ತು. ಈಗ ಆ ತೊಂದರೆ ಇಲ್ಲ. ಜೋಡಿಸಿದ ಮೇಲೆ ಮೈಕ್ ಇಟ್ಟು ಸ್ಪೀಕರ್ ಹೊಂದಾಣಿಕೆಯನ್ನು ಮತ್ತೊಮ್ಮೆ ಮಾಡಲೇಬೇಕು, ಏಕೆಂದರೆ ಹೊಸ ಆಂಪ್ಲಿಫೈಯರಿನ ಗೇನ್ (ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ) ರಿಸೀವರಿನದಕ್ಕೆ ಸಮನಾಗಿರಬೇಕೆಂದಿಲ್ಲ. ಮರೆತ ನಾನು ಒಂದು ವಾರ ಎಡ-ಬಲವನ್ನೇ ಜೋರಾಗಿ ಕೇಳುತ್ತಾ, ಮಾತು ಇನ್ನಷ್ಟು ಮಂಕಾಯಿತೆಂದು ಅಂಗಡಿಯವರನ್ನು ಬೈದುಕೊಂಡಿದ್ದೆ.

ಶಿವಮೊಗ್ಗ ನಗರದಿಂದ

ಸಾಗರದವರ ಮಾತಿಗೆ ನನ್ನದೊಂದು ಸೇರ್ಪಡೆ. ಆಂಪ್ಲಿಫೈಯರ್ ಜೋಡಿಸಿದ ದಿನವೇ ಸ್ಪೀಕರುಗಳಿಂದ ಗುಂಯ್ ಎಂಬ ಸದ್ದು ಶುರುವಾಯಿತು. ಕೇಬಲ್ ಬದಲಿಸಿದೆ, ಹೋಗಲಿಲ್ಲ. ಕೊನೆಗೆ ಸೆಟ್‌ಟಾಪ್ ಬಾಕ್ಸಿನ ಹಿಂದಿನಿಂದ ಡಿಶ್‌ನ ವೈರನ್ನು ತಿರುಗಿಸಿ ಬಿಚ್ಚಿದ ಕ್ಷಣವೇ ಸದ್ದು ನಿಂತಿತು. ಡಿಶ್ ಒಂದು ದಾರಿಯಲ್ಲಿ, ಆಂಪ್ಲಿಫೈಯರಿನ ಮೂರು ಪಿನ್ನಿನ ಪ್ಲಗ್ ಇನ್ನೊಂದು ದಾರಿಯಲ್ಲಿ ಅರ್ತ್ ತಲುಪಿದಾಗ ನಡುವೆ ಆಗುವ ಸುತ್ತು ಇದು. ದಯವಿಟ್ಟು ಯಾರ ಮಾತನ್ನೂ ಕೇಳಿ ಪ್ಲಗ್ಗಿನ ಅರ್ತ್ ಪಿನ್ ಕತ್ತರಿಸಬೇಡಿ. ಸದ್ದು ಹೋಗುತ್ತದೆ ನಿಜ, ಆದರೆ ಒಳಗೆ ದೋಷವಾದ ದಿನ ಆಂಪ್ಲಿಫೈಯರಿನ ಕಬ್ಬಿಣದ ಮೈಯಲ್ಲಿಯೇ ಕರೆಂಟ್ ಇರುತ್ತದೆ. ರಿಸೀವರ್, ಟಿವಿ, ಆಂಪ್ಲಿಫೈಯರ್ ಮೂರಕ್ಕೂ ಒಂದೇ ಜಾಗದಿಂದ ಕರೆಂಟ್ ಕೊಟ್ಟು, ರಿಸೀವರಿನಿಂದ ಆಂಪ್ಲಿಫೈಯರಿಗೆ ಹೋಗುವ ಆಡಿಯೊ ವೈರಿಗೆ ಐಸೊಲೇಟರ್ (ಆ ಸುತ್ತನ್ನು ತುಂಡರಿಸುವ ಸಾಧನ) ಹಾಕಿಸಿದೆ.

ಹೊಸನಗರದಿಂದ

ಏಪ್ರಿಲ್-ಮೇ ತಿಂಗಳ ಗುಡುಗು-ಸಿಡಿಲಿಗೆ ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ಗನ್ನೂ ಡಿಶ್ ವೈರನ್ನೂ ಕಿತ್ತಿಡಬೇಕು. ಮಳೆಗಾಲದಲ್ಲಿ ಬೆಚ್ಚನೆಯ ಜಾಗ ಹುಡುಕಿ ಹಲ್ಲಿ ಗಾಳಿಕಿಂಡಿಯಿಂದ ಒಳಹೊಕ್ಕು, ನನ್ನ ಆಂಪ್ಲಿಫೈಯರಿನ ಬೋರ್ಡ್ ಸುಟ್ಟಿತು. ಹಾಗೆಂದು ಬಟ್ಟೆ ಹೊದಿಸಿ ಗಾಳಿ ತಡೆಯಬೇಡಿ. ಬರಿಯ ತಾಮ್ರದ ವೈರಿನ ತುದಿ ನಮ್ಮ ತೇವಕ್ಕೆ ಎರಡೇ ವರ್ಷದಲ್ಲಿ ಹಸಿರುಗಟ್ಟುತ್ತದೆ, ಅದಕ್ಕೆ ಬನಾನಾ ಪ್ಲಗ್ (ಸ್ಪೀಕರ್ ವೈರಿನ ತುದಿಗೆ ಹಾಕುವ ಲೋಹದ ಪಿನ್) ಹಾಕಿಸಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಟಾರ್ಚ್ ಹಿಡಿದು ರಿಸೀವರಿನ ಹಿಂಬದಿ ನೋಡಿದೆ. ಪ್ರೀ-ಔಟ್ (ಹೊರಗಿನ ಆಂಪ್ಲಿಫೈಯರಿಗೆ ಸಿಗ್ನಲ್ ಕೊಡುವ ಕಿಂಡಿ) ಇರುವುದು ಸಬ್‌ವೂಫರಿಗೆ ಮಾತ್ರ. ಎಡ-ಬಲಕ್ಕೆ ಇಲ್ಲವೇ ಇಲ್ಲ. ಆಂಪ್ಲಿಫೈಯರ್ ತಂದಿದ್ದರೂ ಜೋಡಿಸಲು ಜಾಗವಿರುತ್ತಿರಲಿಲ್ಲ. ಸೆಂಟರನ್ನು 3 ಡೆಸಿಬೆಲ್ ಏರಿಸಿ ರಾತ್ರಿ ಮಳೆಯಲ್ಲೇ ಕೇಳಿದೆವು. ಮಾತು ಸ್ಪಷ್ಟವಾಗಿದೆ, ಆದರೆ ಮಳೆ ಬಿರುಸಾದಾಗ ಪುನಃ ಮುಳುಗುತ್ತದೆ. ಬಡಗಿಯವರಿಗೆ ಸೀಲಿಂಗ್ ಅಳತೆಗೆ ಬರಹೇಳಿದ್ದೇನೆ.