ನವಿರಾದ ನೇರ ಕೂದಲಿಗೆ, ವಯಸ್ಸಿಗೊಪ್ಪುವ ಮತ್ತು ದಿನವೂ ಗೋಳಾಡಿಸದ ಕಟ್ ಯಾವುದು?

ಪ್ರಶ್ನೆ: ಹಾಸನದ ಉಪನ್ಯಾಸಕಿ

ನನಗೆ ಈಗ 37 ವರ್ಷ. ಪದವಿಪೂರ್ವ ಕಾಲೇಜೊಂದರಲ್ಲಿ ಲೆಕ್ಕಶಾಸ್ತ್ರ ಕಲಿಸುತ್ತೇನೆ. ಈ ಜೂನ್‌ನಿಂದ ಪ್ರಭಾರ ಪ್ರಾಂಶುಪಾಲರ ಹೊಣೆಯೂ ನನ್ನ ಮೇಲೆ ಬಂದಿದೆ. ದಾಖಲಾತಿಯ ಮೊದಲ ವಾರ ಪೋಷಕರೊಬ್ಬರು ಕೊಠಡಿಯ ಬಾಗಿಲಲ್ಲಿ ನಿಂತು, ನನ್ನನ್ನೇ "ಏನಮ್ಮಾ, ಪ್ರಿನ್ಸಿಪಾಲ್ ಮೇಡಂ ಬಂದಿದಾರಾ?" ಎಂದು ಕೇಳಿದರು. ನಮ್ಮ ಗುಮಾಸ್ತರು ನಗು ತಡೆಯಲಾರದೆ ಕಡತದ ಹಿಂದೆ ಮುಖ ಮರೆಸಿಕೊಂಡರು. ಅಂದು ಸಂಜೆ ಕನ್ನಡಿಯ ಮುಂದೆ ನಿಂತಾಗ ತಪ್ಪು ಆ ಪೋಷಕರದಲ್ಲ ಎನಿಸಿತು. ಹತ್ತನೇ ತರಗತಿಯಲ್ಲಿ ಕಟ್ಟಿಕೊಳ್ಳುತ್ತಿದ್ದ ಅದೇ ಪೋನಿಟೇಲ್ ಇಂದಿಗೂ ನನ್ನ ತಲೆಯ ಮೇಲಿದೆ.

ನನ್ನ ಕೂದಲು ಪೂರ್ತಿ ನೇರ ಮತ್ತು ಬಹಳ ನವಿರು. ರಬ್ಬರ್ ಬ್ಯಾಂಡನ್ನು ನಾಲ್ಕು ಸುತ್ತು ಸುತ್ತಿದರೂ ಮಧ್ಯಾಹ್ನದ ಹೊತ್ತಿಗೆ ಜಾರಿರುತ್ತದೆ. ಜಡೆ ಹೆಣೆದರೆ ತುದಿ ಕಿರುಬೆರಳಿಗಿಂತ ಸಣ್ಣದಾಗುತ್ತದೆ. ಎರಡು ವರ್ಷಗಳ ಹಿಂದೆ ಒಂದು ಪಾರ್ಲರ್‌ನಲ್ಲಿ "ಲೇಯರ್ ಮಾಡಿಸಿಕೊಳ್ಳಿ, ದಟ್ಟವಾಗಿ ಕಾಣುತ್ತದೆ" ಎಂದು ಹೇಳಿ ಆರೇಳು ಮೆಟ್ಟಿಲು ಕತ್ತರಿಸಿದರು. ಅವರು ಡ್ರೈಯರ್ ಹಿಡಿದು ಸೆಟ್ ಮಾಡಿ ಕಳಿಸಿದ ದಿನ ಚೆನ್ನಾಗಿಯೇ ಇತ್ತು. ಮನೆಯಲ್ಲಿ ಮೊದಲ ಸಲ ತೊಳೆದ ಮೇಲೆ ಮೇಲ್ಭಾಗ ಕೊಡೆಯಂತೆ ನಿಂತು, ಕೆಳಗೆ ಇಲಿಯ ಬಾಲ ಉಳಿಯಿತು. ಅದು ಬೆಳೆದು ಒಂದು ಹದಕ್ಕೆ ಬರಲು 14 ತಿಂಗಳು ಹಿಡಿಯಿತು.

ಬೆಳಿಗ್ಗೆ ಮಕ್ಕಳ ಡಬ್ಬಿಯ ಗಡಿಬಿಡಿಯಲ್ಲಿ ತಲೆಗೆಂದು ಸಿಗುವುದು 5 ನಿಮಿಷ. ದಿನವೂ ಹೆಲ್ಮೆಟ್ ಹಾಕಿಕೊಂಡು 9 ಕಿಲೋಮೀಟರ್ ಸ್ಕೂಟರ್‌ನಲ್ಲಿ ಹೋಗುತ್ತೇನೆ. ಮನೆಯದು ಬೋರ್‌ವೆಲ್ ನೀರು. ವಾರದಲ್ಲಿ ನಾಲ್ಕು ದಿನ ಸೀರೆ, ಉಳಿದ ದಿನ ಚೂಡಿದಾರ. ಹಬ್ಬಹರಿದಿನಗಳಲ್ಲಿ ಒಂದು ಮೊಳ ಮಲ್ಲಿಗೆ ಮುಡಿಯದೆ ನನಗೆ ಸಮಾಧಾನವಿಲ್ಲ. ನಮ್ಮ ಅತ್ತೆಯವರೂ "ಏನು ಬೇಕಾದರೂ ಮಾಡಿಸಿಕೋ, ಕಟ್ಟುವಷ್ಟು ಉಳಿಸಿಕೋ" ಎಂದಿದ್ದಾರೆ. ಇಷ್ಟನ್ನೂ ಹೊಂದಿಸಿಕೊಂಡು ಹೋಗುವ ಕಟ್ ಯಾವುದಾದರೂ ಇದೆಯೇ?

ಉತ್ತರ 1: ಕತ್ತರಿ ಹಿಡಿದವಳು, ಮೈಸೂರು

ಮೇಡಂ, ನಾನು 19 ವರ್ಷಗಳಿಂದ ಪಾರ್ಲರ್ ನಡೆಸುತ್ತಿದ್ದೇನೆ. ನಿಮಗಾದ ಅನ್ಯಾಯ ನಮ್ಮ ವೃತ್ತಿಯಲ್ಲಿ ವಾರಕ್ಕೊಮ್ಮೆಯಾದರೂ ಎಲ್ಲೋ ಒಂದು ಕಡೆ ನಡೆಯುತ್ತದೆ ಎಂದು ಒಪ್ಪಿಕೊಂಡೇ ಶುರುಮಾಡುತ್ತೇನೆ.

"ಕೂದಲು ತೆಳು" ಎಂದು ಬರುವವರು ಎರಡು ಬೇರೆ ಸಂಗತಿಗಳನ್ನು ಒಂದೇ ಮಾತಿನಲ್ಲಿ ಹೇಳುತ್ತಾರೆ. ಒಂದೊಂದು ಎಳೆಯೂ ಸಪೂರವಾಗಿರುವುದು ಬೇರೆ, ತಲೆಯಲ್ಲಿ ಕೂದಲೇ ವಿರಳವಾಗಿರುವುದು ಬೇರೆ. ಉದುರಿದ ಒಂದು ಎಳೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಹೊರಳಿಸಿ ನೋಡಿ; ಬೆರಳಿಗೆ ಏನೂ ತಗಲಿದಂತೆಯೇ ಆಗದಿದ್ದರೆ ಅದು ನವಿರು ಎಳೆ. ಅಂಥ ಎಳೆಗಳು ಒಂದು ಲಕ್ಷವಿದ್ದರೂ ಕೈಗೆ ತುಂಬುವುದಿಲ್ಲ. ಅದರ ಮೇಲೆ, ಗುಂಗುರು ಕೂದಲಿನಲ್ಲಿ ಬಳಸಿ ಬಳಸಿ ಇಳಿಯಬೇಕಾದ ನೆತ್ತಿಯ ಜಿಡ್ಡು ನೇರ ಕೂದಲಿನಲ್ಲಿ ಜಾರುಬಂಡಿಯಂತೆ ಸರಾಗವಾಗಿ ಇಳಿಯುವುದರಿಂದ, ತೊಳೆದ ಮರುದಿನವೇ ಬುಡ ಅಂಟಿಕೊಂಡಂತೆ ಕಾಣುತ್ತದೆ.

ಇಂಥ ಕೂದಲಿಗೆ ತುದಿಯೇ ಬಂಡವಾಳ. ಮೆಟ್ಟಿಲು ಕತ್ತರಿಸಿದಷ್ಟೂ ತುದಿಯವರೆಗೆ ತಲುಪುವ ಎಳೆಗಳು ಕಡಿಮೆಯಾಗುತ್ತವೆ. ದಟ್ಟ ಕೂದಲಿನವರಿಗೆ ಅದು ಭಾರ ಇಳಿಸಿದಂತೆ, ನಿಮ್ಮಂಥವರಿಗೆ ಇದ್ದ ಗಂಟನ್ನೂ ಕಳೆದುಕೊಂಡಂತೆ. ಎಲ್ಲ ಎಳೆಗಳೂ ಒಂದೇ ಗೆರೆಯಲ್ಲಿ ಬಂದು ನಿಂತರೆ, ಅಂದರೆ ನಾವು ಬ್ಲಂಟ್ ಕಟ್ ಎನ್ನುವುದನ್ನು ಮಾಡಿದರೆ, ಅದೇ ಕೂದಲು ಕಣ್ಣಿಗೆ ಇನ್ನಷ್ಟು ದಪ್ಪವಾಗಿ ಕಾಣುತ್ತದೆ. ಕೂದಲನ್ನು ತೆಳುವಾಗಿಸುವ ಹಲ್ಲು ಕತ್ತರಿಯನ್ನೂ ರೇಜರನ್ನೂ ನಿಮ್ಮ ತಲೆಯ ಹತ್ತಿರ ತರಲು ಬಿಡಬೇಡಿ. 1960ರ ದಶಕದಲ್ಲಿ ಲಂಡನ್ನಿನ ಕೇಶವಿನ್ಯಾಸಕ ವಿಡಾಲ್ ಸಸೂನ್ ಹೆಸರು ಮಾಡಿದ್ದೇ ಈ ವಿಚಾರದಿಂದ: ರೋಲರ್, ಸ್ಪ್ರೇಗಳಿಂದ ಆಕಾರವನ್ನು ಹೇರುವ ಬದಲು, ತೊಳೆದು ಒಣಗಿಸಿದರೆ ತಾನಾಗಿಯೇ ಕೂರುವಂತೆ ಕತ್ತರಿಸುವುದು. ನೇರ ಕೂದಲಿಗೆ ಅದರಷ್ಟು ಒಪ್ಪುವ ಕೆಲಸ ಮತ್ತೊಂದಿಲ್ಲ.

ಉದ್ದದ ವಿಷಯದಲ್ಲಿ ಎರಡು ಬೆರಳಿನ ಅಂತರವೂ ಲೆಕ್ಕಕ್ಕೆ ಬರುತ್ತದೆ. ಸರಿಯಾಗಿ ಭುಜಕ್ಕೆ ಬಂದು ನಿಲ್ಲುವ ಕೂದಲು ಭುಜಕ್ಕೆ ತಾಗಿ ಹೊರಕ್ಕೆ ಮಡಚಿಕೊಳ್ಳುತ್ತದೆ, ಒಂದು ಬದಿ ಒಳಗೆ, ಇನ್ನೊಂದು ಬದಿ ಹೊರಗೆ. ಅದನ್ನು ಸರಿಪಡಿಸಲು ದಿನವೂ ಬಿಸಿ ಇಸ್ತ್ರಿ ಹಿಡಿಯಬೇಕು. ಆದ್ದರಿಂದ ಗಲ್ಲಕ್ಕೂ ಭುಜಕ್ಕೂ ನಡುವೆ ನಿಲ್ಲಿಸಬೇಕು, ಇಲ್ಲವೇ ಕಾಲರ್ ಬೋನ್ ದಾಟಿಸಿ ಎರಡು ಬೆರಳು ಕೆಳಗೆ ಬಿಡಬೇಕು. ಮಲ್ಲಿಗೆ, ಸೀರೆ, ಅತ್ತೆಯವರ ಮಾತು, ಇವೆಲ್ಲವನ್ನೂ ನೋಡಿದರೆ ನಿಮಗೆ ಎರಡನೆಯದೇ ಸರಿ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್‌ಗಿಂತ ಸ್ವಲ್ಪ ಹೆಚ್ಚು ಬೆಳೆಯುತ್ತದೆ. ಈ ಉದ್ದದಲ್ಲಿ ಎರಡೂವರೆ ತಿಂಗಳಿಗೊಮ್ಮೆ ತುದಿ ಸಮ ಮಾಡಿಸಿದರೆ ಸಾಕು.

ಹಣೆಯ ಮೇಲೆ ಇಳಿಬಿಡುವ ಗಿಡ್ಡ ಕೂದಲು, ಅಂದರೆ ಫ್ರಿಂಜ್, ಬೇಡ. ಅದಕ್ಕೆ ಮೂರು ವಾರಕ್ಕೊಮ್ಮೆ ಕತ್ತರಿ ಬೇಕು, ಮತ್ತು ಹೆಲ್ಮೆಟ್ ತೆಗೆದಾಗ ಹಣೆಗೆ ಅಂಟಿಕೊಂಡಿರುತ್ತದೆ. ಬೈತಲೆಯನ್ನು ಮಾತ್ರ ನಟ್ಟನಡುವಿನಿಂದ ಒಂದಂಗುಲ ಪಕ್ಕಕ್ಕೆ ಸರಿಸಿ. ವರ್ಷಗಟ್ಟಲೆ ಒಂದೇ ಗೆರೆಯಲ್ಲಿ ತೆಗೆದ ಬೈತಲೆಯಲ್ಲಿ ಕೂದಲು ಎರಡು ಬದಿಗೆ ಒರಗಿ ನೆತ್ತಿ ಅಗಲವಾಗಿ ಕಾಣುತ್ತದೆ. ಗೆರೆ ಬದಲಾದರೆ ಅಲ್ಲಿನ ಬುಡ ತಾನಾಗಿಯೇ ಸ್ವಲ್ಪ ಎದ್ದು ನಿಲ್ಲುತ್ತದೆ.

ಕುರ್ಚಿಯಲ್ಲಿ ಕುಳಿತ ಮೇಲೆ ಕೂದಲನ್ನು ನೇರವಾಗಿ ನಯಗೊಳಿಸುವ ಸ್ಮೂದನಿಂಗ್, ಕೆರಾಟಿನ್ ಚಿಕಿತ್ಸೆಗಳ ಮಾತನ್ನು ಯಾರಾದರೂ ಆರಂಭಿಸಿದರೆ ನಯವಾಗಿ ಬೇಡವೆನ್ನಿ. ಮೊದಲೇ ನೇರವಾಗಿ ತಲೆಗಂಟಿರುವ ಕೂದಲನ್ನು ಇನ್ನೂ ಚಪ್ಪಟೆ ಮಾಡಿಸಿಕೊಳ್ಳಲು ಸಾವಿರಾರು ರೂಪಾಯಿ ಕೊಡುವುದು ಏಕೆ? ಇದನ್ನು ಬರೆದುದಕ್ಕೆ ನನ್ನ ಸಮವೃತ್ತಿಯವರು ಬೈಯಬಹುದು.

ಉತ್ತರ 2: ಕಡಲ ಬದಿಯ ಬ್ಯಾಂಕಿನವಳು, ಮಂಗಳೂರು

ಮೈಸೂರಿನ ಮೇಡಂ ಹೇಳಿದ ಒಂದೇ ಗೆರೆಯ ಮಾತನ್ನು ಪೂರ್ತಿ ಒಪ್ಪುತ್ತೇನೆ, ಉದ್ದದ ಮಾತನ್ನು ಒಪ್ಪುವುದಿಲ್ಲ. ನನ್ನದೂ ನಿಮ್ಮಂಥದೇ ಕೂದಲು, 11 ವರ್ಷಗಳಿಂದ ಗಲ್ಲದ ಕೆಳಗೆ ನಿಲ್ಲುವ ಬಾಬ್ ಕಟ್ ಇಟ್ಟುಕೊಂಡಿದ್ದೇನೆ. ಕೂದಲು ಉದ್ದವಾದಷ್ಟೂ ಅದರ ಭಾರವೇ ಬುಡವನ್ನು ಕೆಳಗೆ ಎಳೆಯುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಂತೂ ಬೆಳಿಗ್ಗೆ ಎಬ್ಬಿಸಿದ ಕೂದಲು ಹತ್ತು ಗಂಟೆಗೆ ಮಲಗಿಬಿಡುತ್ತದೆ. ಗಿಡ್ಡ ಮಾಡಿಸಿದ ಮೇಲೆ ಆ ತಾಪತ್ರಯ ಬಹುಮಟ್ಟಿಗೆ ತಪ್ಪಿತು. ಸೀರೆಗೆ ಒಪ್ಪುವುದಿಲ್ಲ ಎಂಬುದು ಹಳೆಯ ಮಾತು. ಕಾಟನ್ ಸೀರೆಗೆ, ಹಿಂದೆ ಚೊಕ್ಕವಾಗಿ ಕತ್ತರಿಸಿದ ಬಾಬ್ ಕಟ್‌ಗಿಂತ ಗಂಭೀರವಾದುದನ್ನು ನಾನು ಕಂಡಿಲ್ಲ.

ಆದರೆ ಇದಕ್ಕೆ ಆರು ವಾರಕ್ಕೊಮ್ಮೆ ತಪ್ಪದೆ ಹೋಗಬೇಕು. ಹತ್ತು ವಾರ ಬಿಟ್ಟರೆ ಆಕಾರ ಕೆಟ್ಟು, ಯಾವ ಕಟ್ ಎಂದು ಹೇಳಲಾರದ ಸ್ಥಿತಿಗೆ ಬರುತ್ತದೆ. ಕಟ್ಟಿಕೊಳ್ಳುವ ಆಸರೆಯೂ ಇಲ್ಲ, ತಲೆ ತೊಳೆಯಲಾಗದ ದಿನ ಮರೆಮಾಚಲು ಬರುವುದಿಲ್ಲ.

ಹೆಲ್ಮೆಟ್ಟಿನ ವಿಷಯಕ್ಕೆ ನಾನು ಕಂಡುಕೊಂಡ ಉಪಾಯವಿದು. ಮನೆಯಿಂದ ಹೊರಡುವಾಗ ಬೈತಲೆಯನ್ನು ಬೇಕಾದ ಬದಿಗಲ್ಲ, ಅದರ ವಿರುದ್ಧ ಬದಿಗೆ ತೆಗೆದು, ತಲೆಗೆ ತೆಳುವಾದ ಹತ್ತಿ ಬಟ್ಟೆ ಸುತ್ತಿ ಹೆಲ್ಮೆಟ್ ಹಾಕಿಕೊಳ್ಳಿ. ತಲುಪಿದ ಮೇಲೆ ಕೂದಲನ್ನು ಕೈಯಿಂದ ಸರಿಯಾದ ಬದಿಗೆ ಮಗುಚಿದರೆ, ಅಷ್ಟು ಹೊತ್ತು ಒತ್ತಿಕೊಂಡಿದ್ದ ಬುಡವೇ ಎದ್ದು ನಿಲ್ಲುತ್ತದೆ. ಹೆಲ್ಮೆಟ್ ಕೆಡಿಸಿದ್ದನ್ನು ಹೆಲ್ಮೆಟ್ಟಿನಿಂದಲೇ ಸರಿಮಾಡಿಸಿದಂತೆ.

ಉತ್ತರ 3: ಧಾರವಾಡದ ನಿವೃತ್ತ ಶಿಕ್ಷಕಿ

ತಂಗೀ, 34 ವರ್ಷ ಪ್ರೌಢಶಾಲೆಯಲ್ಲಿ ನಿಂತು ಪಾಠ ಮಾಡಿದವಳು ಹೇಳುತ್ತಿದ್ದೇನೆ. ಎತ್ತರಕ್ಕೆ ಕಟ್ಟಿದ ಪೋನಿಟೇಲ್ ಹುಡುಗಿಯರ ಲಕ್ಷಣ. ಅದೇ ಕೂದಲನ್ನು ಕುತ್ತಿಗೆಯ ಮೇಲೆ, ಕಿವಿಯ ಕೆಳಗಿನ ಮಟ್ಟಕ್ಕೆ ಇಳಿಸಿ ಸಣ್ಣ ತುರುಬು ಮಾಡಿದರೆ ಪೋಷಕರು ತಾವಾಗಿಯೇ "ನಮಸ್ಕಾರ ಮೇಡಂ" ಅನ್ನುತ್ತಾರೆ. ಕತ್ತರಿಸಿಕೊಳ್ಳಲು ನನ್ನ ಅಡ್ಡಿಯಿಲ್ಲ, ಆದರೆ ಕಟ್ಟುವ ರೀತಿಯನ್ನೂ ಬದಲಿಸದಿದ್ದರೆ ಕತ್ತರಿಸಿದ್ದು ವ್ಯರ್ಥ.

ನವಿರು ಕೂದಲಿನ ತುರುಬು ನಿಲ್ಲದಿರುವುದಕ್ಕೆ ಕಾರಣ, ಅದನ್ನು ಬಿಗಿಯಾಗಿ ಎಳೆದು ತಿರುಚುವುದು. ಮೊದಲು ಸಡಿಲವಾಗಿ ಕಟ್ಟಿ, ಆಮೇಲೆ ಸುತ್ತಿ, ಒಂದು ಬಲೆ ಹಾಕಿ, ಮೂರು ಯು ಪಿನ್ ಸಿಕ್ಕಿಸಬೇಕು. ಪಿನ್ನನ್ನು ಮೊದಲು ಹೊರಮುಖವಾಗಿ ತುರುಬಿನ ಅಂಚಿಗೆ ಚುಚ್ಚಿ, ಅಲ್ಲಿಂದ ಮಗುಚಿ ಒಳಕ್ಕೆ ತಳ್ಳಿದರೆ ಸಂಜೆಯವರೆಗೆ ಅಲುಗಾಡುವುದಿಲ್ಲ. ದಿನವೂ ಬಿಗಿದು ಕಟ್ಟಿದರೆ ಹಣೆಯ ಅಂಚಿನಲ್ಲಿ ಕೂದಲು ಹಿಂದೆ ಸರಿಯುತ್ತದೆ. ನನ್ನ ಸಹೋದ್ಯೋಗಿಗಳಲ್ಲಿ ಇಬ್ಬರಿಗೆ ಹಾಗಾದುದನ್ನು ಕಣ್ಣಾರೆ ಕಂಡಿದ್ದೇನೆ. ಮದುವೆ ಮುಂಜಿಗೆ ಚೌರಿ ಸೇರಿಸಿಕೊಳ್ಳುವುದರಲ್ಲಿ ಸಂಕೋಚವೇನಿಲ್ಲ, ಆದರೆ ಹಗುರವಾದುದನ್ನು ಆರಿಸಿಕೊಳ್ಳಬೇಕು.

ಇನ್ನು ಎಣ್ಣೆ. ಕೊಬ್ಬರಿ ಎಣ್ಣೆಯನ್ನು ಬಿಡಬೇಡ. ಹಚ್ಚಿಕೊಂಡು ಕಾಲೇಜಿಗೆ ಹೋಗಬೇಡ, ಅಷ್ಟೇ. ತಲೆ ತೊಳೆಯುವ ಒಂದೆರಡು ತಾಸು ಮೊದಲು, ಅಂಗೈಗೆ ಒಂದು ಚಮಚ ಹಾಕಿಕೊಂಡು ಮಧ್ಯದಿಂದ ತುದಿಗೆ ಹಚ್ಚಿದರೆ ಸಾಕು.

ಉತ್ತರ 4: ಬೆಂಗಳೂರಿನ ಔಷಧಿ ಅಂಗಡಿಯವನು

ಕಟ್ ವಿಷಯ ನನಗೆ ಗೊತ್ತಿಲ್ಲ. ನನ್ನ ತಲೆಯಲ್ಲಿ ಕತ್ತರಿಸಲು ಹೆಚ್ಚೇನೂ ಉಳಿದಿಲ್ಲ. ಆದರೆ ಕೂದಲು ಮೊದಲಿನಿಂದಲೂ ನವಿರಾಗಿದೆಯೇ, ಇತ್ತೀಚೆಗೆ ತೆಳುವಾಯಿತೇ ಎಂಬುದನ್ನು ಒಮ್ಮೆ ಯೋಚಿಸಿ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಡೆಂಗಿ, ಟೈಫಾಯ್ಡ್‌ನಂಥ ಜ್ವರ ಅಥವಾ ಹೆರಿಗೆಯಾದ ಎರಡು ಮೂರು ತಿಂಗಳಿಗೆ ಗೊಂಚಲು ಗೊಂಚಲಾಗಿ ಉದುರಿ, ಆಮೇಲೆ ಸಾಮಾನ್ಯವಾಗಿ ಮರಳಿ ಬರುತ್ತದೆ. ಯಾವ ಕಾರಣವೂ ಇಲ್ಲದೆ ಬೈತಲೆ ಅಗಲವಾಗುತ್ತಿದ್ದರೆ ಚರ್ಮವೈದ್ಯರನ್ನು ಕಾಣಬೇಕು. ಅವರು ಕಬ್ಬಿಣಾಂಶ, ಥೈರಾಯ್ಡ್ ಪರೀಕ್ಷೆ ಬರೆದುಕೊಡಬಹುದು. ಕತ್ತರಿಸಿದರೆ ಅಥವಾ ಬೋಳಿಸಿದರೆ ದಪ್ಪನಾಗಿ ಬೆಳೆಯುತ್ತದೆ ಎಂಬುದು ಮಾತ್ರ ಸುಳ್ಳು; ಎಳೆಯ ದಪ್ಪ ನಿರ್ಧಾರವಾಗುವುದು ಚರ್ಮದೊಳಗಿನ ಬೇರಿನಲ್ಲಿ.

ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲಿನ ಮೇಲೆ ಪದರವಾಗಿ ಕೂರುತ್ತವೆ. ಕೊನೆಯ ಎರಡು ಚೊಂಬು ನೀರನ್ನಾದರೂ ಆರ್.ಒ. ಫಿಲ್ಟರ್‌ನಿಂದ ಹಿಡಿದಿಟ್ಟುಕೊಳ್ಳಿ. ಕಂಡೀಷನರ್ ತುದಿಗೆ ಮಾತ್ರ, ನೆತ್ತಿಗೆ ಬೇಡ.

ಪ್ರಶ್ನೆ ಕೇಳಿದವರಿಂದ, ಐದು ವಾರಗಳ ನಂತರ

ಎಲ್ಲರಿಗೂ ಧನ್ಯವಾದಗಳು. ಎಳೆಯನ್ನು ಬೆರಳ ನಡುವೆ ಹೊರಳಿಸಿ ನೋಡಿದೆ; ಹಿಡಿದದ್ದು ಜಾರಿಹೋಗಿದೆಯೇನೋ ಎಂದು ಮತ್ತೆ ಕಣ್ಣಿಟ್ಟು ನೋಡಬೇಕಾಯಿತು.

ಈ ಸಲ ಬೇರೆ ಪಾರ್ಲರ್‌ಗೆ ಹೋಗಿ, "ಒಂದೇ ಗೆರೆ, ಕಾಲರ್ ಬೋನ್‌ನಿಂದ ಎರಡು ಬೆರಳು ಕೆಳಗೆ, ಹಲ್ಲು ಕತ್ತರಿ ಬೇಡ" ಎಂದು ಪಾಠ ಒಪ್ಪಿಸಿದಂತೆ ಹೇಳಿದೆ. ಆ ಹುಡುಗಿ "ಮೇಡಂ, ನೀವೂ ಪಾರ್ಲರ್ ಇಟ್ಟಿದ್ದೀರಾ?" ಎಂದು ಕೇಳಿದಳು. ಒದ್ದೆ ಕೂದಲನ್ನು ಕತ್ತರಿಸಿ, ಒಣಗಿಸಿದ ಮೇಲೆ ಎಡಬದಿಯಲ್ಲಿ ಅರ್ಧ ಬೆರಳು ಉದ್ದ ಉಳಿದುದನ್ನು ಮತ್ತೆ ಸಮ ಮಾಡಿಸಿಕೊಂಡೆ. ನೆಲದ ಮೇಲೆ ಬಿದ್ದ ಕೂದಲು ಒಂದು ಗೇಣಿನಷ್ಟಿತ್ತು. ಬೇಸರವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ.

ಬಾಬ್ ಕಟ್ ಮಾಡಿಸುವ ಧೈರ್ಯ ಸದ್ಯಕ್ಕಿಲ್ಲ, ಮಂಗಳೂರಿನವರು ಕ್ಷಮಿಸಬೇಕು. ಆದರೆ ಅವರ ಹೆಲ್ಮೆಟ್ ಉಪಾಯ ನಮ್ಮ ಸಿಬ್ಬಂದಿ ಕೊಠಡಿಯಲ್ಲಿ ಆಗಲೇ ನಾಲ್ವರಿಗೆ ಹಬ್ಬಿದೆ. ಚೂಡಿದಾರದ ದಿನ ಕೂದಲು ಬಿಟ್ಟೇ ಹೋಗುತ್ತೇನೆ, ಸೀರೆಯ ದಿನ ತಗ್ಗಿಸಿ ಕಟ್ಟುತ್ತೇನೆ. ಧಾರವಾಡದ ಅಕ್ಕನವರು ಹೇಳಿದ ಪಿನ್ ಮಗುಚುವ ಕ್ರಮ ಕೈಗೆ ಹತ್ತಲು ಒಂದು ವಾರ ಬೇಕಾಯಿತು. ಈಗ ಎಲ್ಲ ಸೇರಿ ನಾಲ್ಕು ನಿಮಿಷ.

ಒಂದೇ ತೊಡಕು ಉಳಿದಿದೆ. ಕಳೆದ ಶುಕ್ರವಾರ ಮಲ್ಲಿಗೆ ಮುಡಿದಾಗ ತುರುಬು ಚಿಕ್ಕದಾದುದರಿಂದ ದಂಡೆ ಜಾರಿ, ದೇವಸ್ಥಾನದ ಮೆಟ್ಟಿಲ ಮೇಲೆ ಬಿತ್ತು. ಇದಕ್ಕೇನು ಮಾಡಲಿ?

ಉತ್ತರ 5: ಧಾರವಾಡದ ನಿವೃತ್ತ ಶಿಕ್ಷಕಿ

ದಂಡೆಯನ್ನು ತುರುಬಿನ ಸುತ್ತ ಸುತ್ತಬೇಡ ತಂಗೀ, ಅಷ್ಟು ಸಣ್ಣ ತುರುಬು ಅದರ ಭಾರ ತಡೆಯುವುದಿಲ್ಲ. ಅರ್ಧ ಮೊಳ ತೆಗೆದುಕೊಂಡು, ತುರುಬಿನ ಮೇಲ್ಗಡೆ ಅರ್ಧಚಂದ್ರದಂತೆ ಇಟ್ಟು, ಎರಡೂ ತುದಿಯ ದಾರವನ್ನು ಪಿನ್ನಿಗೆ ಒಂದು ಸುತ್ತು ಸುತ್ತಿ, ಆ ಪಿನ್ನನ್ನು ತುರುಬಿನ ಬುಡದ ರಬ್ಬರ್ ಬ್ಯಾಂಡಿನೊಳಗೆ ಸಿಕ್ಕಿಸು. ಉಳಿದ ಅರ್ಧ ಮೊಳವನ್ನು ಅತ್ತೆಯವರಿಗೆ ಕೊಡು.